ನಲ್ಲಿಯ ಬಳಿ ಅರ್ಧ ಹೇಳಿದ ಮಾತು

“ನೀನೇ ತಾನೆ ಹೇಳಿದ್ದು? ಇದೇ ನಲ್ಲಿ ಹತ್ರ, ಇದೇ ಕೊಡ ಹಿಡ್ಕೊಂಡು? ಈಗ ಸುಮ್ಮನಿದ್ರೆ ಹೇಗೆ?” ಎಂದಳು ಮೆಕ್ಯಾನಿಕನ ಹೆಂಡತಿ.

ಗುಂಡಕ್ಕ ಕೊಡದ ಬಾಯನ್ನೇ ನೋಡುತ್ತ ನಿಂತಿದ್ದಳು. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಇಂಥ ದಿನ ಮಾತು ತಪ್ಪಿಸಿಕೊಂಡು ಹೋಗೋಣವೆಂದರೆ ಆಗುವುದಿಲ್ಲ, ಕೊಡ ತುಂಬುವವರೆಗೂ ನಿಲ್ಲಲೇಬೇಕು.

“ಹೇಳಿಲ್ಲ ಅಂತ ನಾನೆಲ್ಲಿ ಅಂದೆ ಅಕ್ಕಾ?”

“ಮತ್ತೆ? ಭಾನುವಾರ ಮೀನು ಹರಾಜು ಮುಗಿದ ಮೇಲೆ ಎಲ್ಲರೂ ಕಟ್ಟೆ ಹತ್ರ ಸೇರ್ತಾರೆ. ನಮ್ಮನೆಯವರು ಮಾತು ಶುರು ಮಾಡ್ತಾರೆ. ನೀನು ಎದ್ದು ನಿಂತು ಅಷ್ಟೇ ಹೇಳು. ‘ಅವಳು ನನ್ನ ಮಗಳ ತಲೆ ಸವರಿದಳು, ಮಗು ಮನೆಗೆ ಬಂದು ವಾಂತಿ ಮಾಡ್ಕೊಂಡಿತು.’ ಹೆಚ್ಚಿಗೇನೂ ಬೇಡ. ಹೆತ್ತ ತಾಯಿ ಬಾಯಿಂದಲೇ ಬಂದ ಮೇಲೆ ಯಾರು ಇಲ್ಲ ಅಂತಾರೆ?”

“ಆಮೇಲೆ?”

“ಆಮೇಲೇನು, ಕತ್ತಲಾಗೋದ್ರೊಳಗೆ ಅವಳು ಬೀದಿ ಬಿಡಬೇಕು. ತಾನಾಗಿ ಹೋದ್ರೆ ಸರಿ. ಇಲ್ಲಾಂದ್ರೆ ತಲೆ ಬೋಳಿಸಿ ಕಳಿಸ್ತೀವಿ ಅಂತ ದೋಣಿಯವರು ಮಾತಾಡ್ಕೊಳ್ತಿದ್ರು.” ಮೆಕ್ಯಾನಿಕನ ಹೆಂಡತಿ ದನಿ ತಗ್ಗಿಸಿದಳು. ತಗ್ಗಿಸಿದರೂ ಸಾಲಿನಲ್ಲಿದ್ದ ಆರು ಜನಕ್ಕೂ ಕೇಳಿಸಿತು. ಅವಳ ದನಿಯೇ ಹಾಗೆ.

ಆ ಬೀದಿಯಲ್ಲಿ ಇಪ್ಪತ್ತೆಂಟು ಮನೆ. ಒಂದು ತುದಿಯಲ್ಲಿ ಮಂಜುಗಡ್ಡೆಯ ಶೆಡ್ಡು, ಇನ್ನೊಂದು ತುದಿಯಲ್ಲಿ ದೋಣಿ ಎಳೆದಿಡುವ ಮರಳು ದಂಡೆ. ನಡುವೆ ಎಲ್ಲರಿಗೂ ಒಂದೇ ನಲ್ಲಿ. ಗಂಡಸರು ದೋಣಿಗೆ ಹೋಗುತ್ತಾರೆ. ಹೆಂಗಸರು ಮೀನು ಬಿಡಿಸುತ್ತಾರೆ, ಮಾರುತ್ತಾರೆ, ಬಲೆಗೆ ಬೇಕಾದ್ದನ್ನು ಮಾಡಿಕೊಡುತ್ತಾರೆ. ಗುಂಡಕ್ಕ ಮಾಡುವುದು ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು. ಗುಂಡಿಲ್ಲದ ಬಲೆ ನೀರಿನ ಮೇಲೇ ತೇಲುತ್ತದೆ, ಮೀನು ಕೆಳಗಿಂದ ನಗುತ್ತ ಹೋಗುತ್ತದೆ. ಆ ಕೆಲಸದಿಂದಲೇ ಅವಳಿಗೆ ಆ ಹೆಸರು. ಆಳು ನೋಡಿದರೆ ಪೊರಕೆ ಕಡ್ಡಿ. ‘ಗುಂಡಕ್ಕ ಎಲ್ಲಮ್ಮಾ?’ ಎಂದು ಹೊಸಬರು ಬಂದು ಅವಳನ್ನೇ ಕೇಳುತ್ತಾರೆ, ‘ನಾನೇ’ ಅಂದರೆ ನಂಬುವುದಿಲ್ಲ.

ಮೆಕ್ಯಾನಿಕನ ಹೆಂಡತಿ ‘ಅವಳು, ಅವಳು’ ಅಂದದ್ದು ಬಲೆ ದೊಡ್ಡಮ್ಮನನ್ನು. ಹರಿದ ಬಲೆಗಳನ್ನು ಸರಿಮಾಡಿಕೊಡುವ ಹೆಂಗಸು. ಗಂಡ ತೀರಿ ಹನ್ನೆರಡು ವರ್ಷ, ಮಕ್ಕಳಿಲ್ಲ. ದಂಡೆಯ ಪಕ್ಕದಲ್ಲಿ ಗಂಡ ಬಿಟ್ಟುಹೋದ ಶೆಡ್ಡು, ಅದರಲ್ಲೇ ವಾಸ, ಅದರಲ್ಲೇ ಕೆಲಸ. ಗೋಡೆಗೆ ಅಂಟಿದಂತೆ ಆಚೆಗಿರುವುದು ಅವಳ ಸ್ವಂತ ಮೈದುನನ ಎಂಜಿನ್ ಗ್ಯಾರೇಜು. ಆ ಮೈದುನನೇ ಮೆಕ್ಯಾನಿಕ. ದೊಡ್ಡಮ್ಮ ಕೆಲಸಕ್ಕೆ ಕೂತರೆ ತುಟಿ ಅಲುಗಾಡುತ್ತಲೇ ಇರುತ್ತದೆ. ಯಾರಾದರೂ ಕರೆದರೆ ನೆಟ್ಟಗೆ ನೋಡುತ್ತಾಳೆ, ಉತ್ತರ ಕೊಡುವುದಿಲ್ಲ. ಅಷ್ಟು ಸಾಕಾಗಿತ್ತು ಜನಕ್ಕೆ.

ಮೂರು ವಾರದ ಹಿಂದೆ ಗುಂಡಕ್ಕನ ನಾಲ್ಕು ವರ್ಷದ ಮಗಳು ಪುಟ್ಟಿ ದೊಡ್ಡಮ್ಮನ ಶೆಡ್ಡಿನಿಂದ ಬಂದವಳೇ ಹೊಸ್ತಿಲ ಮೇಲೆ ವಾಂತಿ ಮಾಡಿಕೊಂಡಿದ್ದಳು, ದೊಡ್ಡಮ್ಮ ತಲೆ ಸವರಿದಳು ಅಂದಿದ್ದಳು. ಆ ಮಾತನ್ನು ಗುಂಡಕ್ಕ ನಲ್ಲಿಯ ಹತ್ತಿರ ಹೇಳಿದಳು. ಸುಮ್ಮನೆ ಹೇಳಿದಳು, ಕೊಡ ತುಂಬುವವರೆಗೆ ಏನಾದರೂ ಹೇಳಬೇಕಲ್ಲ, ಹಾಗೆ. ಬೆಳಗ್ಗೆ ಹೋದ ಮಾತು ಸಂಜೆಗೆ ಕೈಕಾಲು ಬೆಳೆಸಿಕೊಂಡು ಅವಳ ಮನೆಗೇ ವಾಪಸ್ಸು ಬಂತು. ದೊಡ್ಡಮ್ಮ ಮಂತ್ರ ಹೇಳುತ್ತಾಳಂತೆ. ಒಂದೊಂದು ಮಗುವಿನ ಹೆಸರಿಗೆ ಒಂದೊಂದು ಗಂಟು ಹಾಕುತ್ತಾಳಂತೆ. ಮೆಕ್ಯಾನಿಕನ ಮಗಳಿಗೆ ಫಿಟ್ಸ್ ಬಂದದ್ದು, ದೋಣಿ ಬಡಗಿಯ ಮಗ ಸೊರಗಿದ್ದು, ಹೋದ ವರ್ಷ ಗುಂಡಕ್ಕನಿಗೆ ಮೂರು ತಿಂಗಳ ಬಸಿರು ನಿಲ್ಲದೆ ಹೋದದ್ದು, ಎಲ್ಲ ಆ ಗಂಟಿನಿಂದಲೇ ಅಂತೆ.

ಕೊನೆಯ ಮಾತು ಕೇಳಿದಾಗ ಗುಂಡಕ್ಕ ಹೆದರಿದ್ದಳು. ಆಮೇಲೆ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಮಾಧಾನವೂ ಆಗಿತ್ತು. ಒಂದು ವರ್ಷದಿಂದ ‘ಯಾಕೆ ನಿಲ್ಲಲಿಲ್ಲ, ನಾನೇನು ತಪ್ಪು ಮಾಡಿದೆ’ ಎಂದು ತನ್ನನ್ನೇ ತಿನ್ನುತ್ತಿದ್ದವಳಿಗೆ, ತಪ್ಪು ಇನ್ಯಾರದ್ದೋ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಲು ಮನಸ್ಸು ಬರುತ್ತದೆಯೇ?

ಆದರೆ ಅವಳಿಗೆ ಗೊತ್ತಿತ್ತು. ಅವತ್ತು ನಲ್ಲಿಯ ಹತ್ತಿರ ಹೇಳಿದ್ದು ಅರ್ಧ. ಪುಟ್ಟಿ ಆ ದಿನ ಬೆಳಗ್ಗೆ ಏಳುವಾಗಲೇ ಹೊಟ್ಟೆ ಹಿಡಿದುಕೊಂಡು ಅತ್ತಿದ್ದಳು. ಹಿಂದಿನ ದಿನವೂ ಅತ್ತಿದ್ದಳು. ದೊಡ್ಡಮ್ಮನ ಮುಖ ನೋಡುವ ಮೊದಲೇ. ಆ ಅರ್ಧ ಗುಂಡಕ್ಕನ ಗಂಟಲಲ್ಲೇ ಉಳಿದಿತ್ತು.

ಈ ಮೂರು ವಾರದಲ್ಲಿ ದೊಡ್ಡಮ್ಮನಿಗೆ ಯಾರೂ ಬಲೆ ಕೊಟ್ಟಿಲ್ಲ. ನಲ್ಲಿಯಲ್ಲಿ ಅವಳ ಕೊಡ ಕಂಡರೆ ಕಾಲಲ್ಲಿ ಒದ್ದು ಉರುಳಿಸುತ್ತಾರೆ, ಅವಳು ದಂಡೆಯಾಚೆಯ ಉಪ್ಪು ಬಾವಿಗೆ ಹೋಗುತ್ತಾಳೆ. ಬಾಗಿಲಿಗೆ ಮೀನಿನ ಕರುಳು ಸುರಿದಿದ್ದಾರೆ. ಹೋದ ವಾರ ಒಂದು ಕಲ್ಲು ಬಿದ್ದು ಹಣೆ ಒಡೆದಿತ್ತು.

ಶುಕ್ರವಾರ ನರ್ಸಮ್ಮ ಬಂದಳು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಲು ಸೈಕಲ್ಲಿನಲ್ಲಿ ಬರುವವಳು. ಅವಳ ಚಪ್ಪಲಿ ಕಿರ್ ಕಿರ್ ಎನ್ನುವುದು ಮೂರು ಮನೆ ಆಚೆಯಿಂದಲೇ ಕೇಳುತ್ತದೆ. ಸೂಜಿ ಚುಚ್ಚಿಸಿಕೊಳ್ಳಬೇಕಾದ ಮಕ್ಕಳು ಅಷ್ಟರಲ್ಲಿ ಮಂಚದ ಕೆಳಗೆ ಸೇರಿರುತ್ತವೆ.

ಗುಂಡಕ್ಕ ಅಡುಗೆಮನೆಯಲ್ಲಿದ್ದಳು. ಅಡುಗೆಗಲ್ಲ, ಸೀಸ ಕರಗಿಸಲು. ಮೆಕ್ಯಾನಿಕ ಹಳೆ ಬ್ಯಾಟರಿ ಒಡೆದು ಕೊಡುವ ಸೀಸದ ತುಂಡುಗಳನ್ನು ಬಾಣಲೆಗೆ ಹಾಕಿ, ಕರಗಿದ್ದನ್ನು ಸೌಟಿನಲ್ಲಿ ಎತ್ತಿ ಮರದ ಅಚ್ಚಿಗೆ ಸುರಿಯುತ್ತಿದ್ದಳು. ಬೂದು ಹೊಗೆ ಸೂರಿಗೆ ತಾಗಿ ಮತ್ತೆ ಕೆಳಗಿಳಿಯುತ್ತಿತ್ತು. ಪಕ್ಕದಲ್ಲಿ ಅವಳ ಅತ್ತೆ ಆರಿದ ಗುಂಡುಗಳನ್ನು ಹಗ್ಗಕ್ಕೆ ಪೋಣಿಸುತ್ತ ಕೂತಿದ್ದಳು. ಪುಟ್ಟಿ ಗೋಡೆಗೊರಗಿ ನೆಲದ ಮೇಲೆ.

ನರ್ಸಮ್ಮ ತಕ್ಕಡಿ ಎಡಗೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. “ಪುಟ್ಟೀ, ಕೆನ್ನೆಯಲ್ಲಿ ಏನೇ ಅದು?”

ಪುಟ್ಟಿ ಬಾಯಿ ತೆರೆದು ಅಂಗೈಗೆ ಉಗಿದಳು. ಎರಡು ಸೀಸದ ಗುಂಡು. “ಸಿಹಿ ಇದೆ,” ಅಂದಳು.

“ಅಯ್ಯೋ, ಅದು ಅವಳ ಆಟ,” ಎಂದಳು ಅತ್ತೆ. “ಮೆಕ್ಯಾನಿಕನ ಮಗಳೂ ಇವಳೂ ದಿನವೂ ಇಲ್ಲೇ ಗೋಲಿ ಆಡ್ತಾವೆ. ನುಂಗಲ್ಲ ಬಿಡು ತಾಯಿ.”

ನರ್ಸಮ್ಮ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಅತ್ತೆ ಸೊಸೆಯೂ ಹಿಂದೆಯೇ ಬಂದರು. ಕಣ್ಣಿನ ರೆಪ್ಪೆ ಇಳಿಸಿ ನೋಡಿದಳು. ಒಸಡು ನೋಡಿದಳು. ಹೊಟ್ಟೆ ಒತ್ತಿದಳು. ನೋವು ಬಂದು ಬಂದು ಹೋಗುತ್ತದೆಯೇ, ಮಲ ಕಟ್ಟುತ್ತದೆಯೇ, ಸಿಡಿಮಿಡಿ ಮಾಡುತ್ತಾಳೆಯೇ ಎಂದೆಲ್ಲ ಕೇಳಿದಳು. ಎಲ್ಲದಕ್ಕೂ ಗುಂಡಕ್ಕ ಹೌದು ಹೌದು ಅಂದಳು.

“ನಾಳೆ ಬೆಳಗ್ಗೆ ಇವಳನ್ನೂ ಮೆಕ್ಯಾನಿಕನ ಮಗಳನ್ನೂ ಆಸ್ಪತ್ರೆಗೆ ಕರ್ಕೊಂಡು ಬಾ. ರಕ್ತ ತೆಗೀತಾರೆ. ಸೀಸದ ಹೊಗೆ, ಸೀಸದ ಪುಡಿ ಮಕ್ಕಳ ಮೈಗೆ ಸೇರಿದ್ರೆ ಹೀಗೇ ಆಗುತ್ತೆ. ಫಿಟ್ಸೂ ಬರುತ್ತೆ. ಬಸುರಿಗೂ ಒಳ್ಳೇದಲ್ಲ.”

ಗುಂಡಕ್ಕ ಕೈಯಲ್ಲಿದ್ದ ಸೌಟನ್ನು ನೆಲಕ್ಕಿಟ್ಟಳು.

“ಹಾಗಾದ್ರೆ ಅದೇ ಅಂತೀಯಾ?” ಎಂದಳು ಅತ್ತೆ.

“ಅದೇ ಇರಬಹುದು ಅಂತೀನಿ. ರಕ್ತ ದೊಡ್ಡ ಊರಿಗೆ ಹೋಗಿ ಬರಬೇಕು. ಹತ್ತು ದಿನ ಹಿಡಿಯುತ್ತೆ.”

“ಹತ್ತು ದಿನ! ಭಾನುವಾರ ಬಲೆ ದೊಡ್ಡಮ್ಮನ್ನ ಬೀದಿ ಬಿಡಿಸೋಕೆ ಕಟ್ಟೆಗೆ ಕರೆಸ್ತಾರೆ, ಎರಡೇ ದಿನ ಇದೆ. ಅದಲ್ಲ ಅಂತ ಚೀಟಿ ಬಂದ್ರೆ? ಆಗ ಅವಳೇ ಅಂತ ಆಗಲ್ವಾ?”

ನರ್ಸಮ್ಮ ಮಗುವಿನ ಕೈ ತೊಳೆದಳು, ಬೆರಳು ಬೆರಳಿನ ಸಂದಿಯಲ್ಲೂ ಸೋಪು ಹಾಕಿ. ಆಮೇಲೆ ಹೇಳಿದಳು: “ಅಮ್ಮಾ, ಚೀಟಿ ಬರೋದು ಪುಟ್ಟಿ ರಕ್ತದ್ದು. ಬಲೆ ದೊಡ್ಡಮ್ಮನದಲ್ಲ. ಸೀಸ ಅಲ್ಲಾಂದ್ರೆ ಹುಳು ಇರಬಹುದು, ನೀರು ಇರಬಹುದು, ನಮಗೆ ಗೊತ್ತಿಲ್ಲದ್ದು ಇನ್ನೇನೋ ಇರಬಹುದು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ. ಅವಳು ಮಾಡಿದಳು ಅಂತ ಹೇಗಾಗುತ್ತೆ?”

“ಅವಳು ಒಬ್ಬಳೇ ಮಾತಾಡ್ಕೋತಾಳೆ ಕಣಮ್ಮ. ನಾನೇ ನೋಡಿದೀನಿ.”

“ಮಂಜುಗಡ್ಡೆ ಶೆಡ್ಡಿನವನು? ಅವನೂ ಒಂಟಿ. ಅವನೂ ಇಡೀ ದಿನ ಮಾತಾಡ್ಕೋತಾನೆ.”

“ಅವನು ಕುಡಿದಿರ್ತಾನೆ ಬಿಡು.”

“ನೋಡಿದ್ರಾ? ಗಂಡಸು ಒಬ್ಬನೇ ಮಾತಾಡಿದ್ರೆ ಕುಡಿದಿದಾನೆ. ಹೆಂಗಸು ಒಬ್ಬಳೇ ಮಾತಾಡಿದ್ರೆ ಮಾಟಗಾತಿ. ನಾನು ಇಪ್ಪತ್ತು ವರ್ಷದಿಂದ ಮನೆ ಮನೆ ತಿರುಗ್ತಿದೀನಿ. ಈ ಹೆಸರು ಬಿದ್ದವರೆಲ್ಲ ಎಂಥವರು ಗೊತ್ತಾ? ಗಂಡ ಸತ್ತವಳು. ಮಕ್ಕಳಿಲ್ಲದವಳು. ತನ್ನ ಹೆಸರಲ್ಲಿ ಒಂದು ತುಂಡು ಜಾಗ ಇರೋಳು. ಎದುರು ಮಾತಾಡೋಳು. ಹೊಡೆದ್ರೆ ಕೇಳೋಕೆ ಹಿಂದೆ ಯಾರೂ ಇಲ್ಲದವಳು. ಮೆಕ್ಯಾನಿಕ್ ಆ ಶೆಡ್ಡು ಕೇಳಿ ಎಷ್ಟು ವರ್ಷ ಆಯ್ತು?”

“ಎರಡು,” ಎಂದಳು ಗುಂಡಕ್ಕ. “ಗ್ಯಾರೇಜಿಗೆ ಜಾಗ ಸಾಲದು ಅಂತ. ದೊಡ್ಡಮ್ಮ ಆಗಲ್ಲ ಅಂದಿದ್ದಳು. ಆದ್ರೆ ಅವನು ಮಗಳಿಗೋಸ್ಕರ ಹೆದರಿರೋದೂ ಸುಳ್ಳಲ್ಲ ನರ್ಸಮ್ಮ. ಫಿಟ್ಸ್ ಬಂದ ದಿನ ಮಗೂನ ಹೊತ್ಕೊಂಡು ಓಡಿದ್ದು ನಾನೇ ನೋಡಿದೀನಿ, ಕಾಲಲ್ಲಿ ಚಪ್ಪಲಿ ಇರಲಿಲ್ಲ.”

“ಸುಳ್ಳು ಅಂತ ನಾನೂ ಅನ್ನಲ್ಲ. ಹೆದರಿಕೆ ನಿಜ. ಅದನ್ನ ತಂದು ಒಬ್ಬ ಹೆಂಗಸಿನ ತಲೆ ಮೇಲೆ ಹಾಕೋದು ತಪ್ಪು. ಹೊಡೆದ್ರೆ, ಕೂದಲು ಕತ್ತರಿಸಿದ್ರೆ, ಊರು ಬಿಡಿಸಿದ್ರೆ ಅದು ಅಪರಾಧ. ಪೊಲೀಸ್ ಠಾಣೆಗೆ ನಾನು ಇವತ್ತೇ ಹೇಳ್ತೀನಿ. ಆದ್ರೆ ಪೊಲೀಸರು ಬಂದು ಹೋಗೋರು. ಬೀದಿಯಲ್ಲಿ ಉಳಿಯೋಳು ನೀನು.”

ನರ್ಸಮ್ಮ ಹೋದ ಮೇಲೆ ಗುಂಡಕ್ಕ ಒಲೆ ಆರಿಸಿದಳು. ಅತ್ತೆಯ ಕೈ ಮಾತ್ರ ಹಗ್ಗದ ಮೇಲೆ ಓಡುತ್ತಲೇ ಇತ್ತು.

“ಅತ್ತೇ, ಭಾನುವಾರ ನಾನು ಬೆಳಗ್ಗೆದ್ದೂ ಹೇಳಿಬಿಡ್ಲಾ? ಅವಳ ಹತ್ರ ಹೋಗೋ ಮೊದಲೇ ಹೊಟ್ಟೆ ನೋವಿತ್ತು ಅಂತ?”

“ಸುಮ್ನಿರು.”

“ಯಾಕೆ?”

ಅತ್ತೆಯ ಕೈ ನಿಂತಿತು. “ನಿನ್ನ ಮಾವ ಸಮುದ್ರದಲ್ಲಿ ಹೋದಾಗ ನನಗೆ ಮೂವತ್ತು. ‘ಇವಳ ಕಾಲ್ಗುಣ’ ಅಂದ್ರು. ಮಗನ್ನ ಕಿತ್ಕೊಂಡು ಸೌದೆ ಕೊಟ್ಟಿಗೆಗೆ ತಳ್ಳಿ ಚಿಲಕ ಹಾಕಿದ್ರು. ನಾಲ್ಕು ದಿನ. ನಿನ್ನ ಗಂಡನಿಗೆ ಆಗ ಹಾಲು ಕುಡಿಯೋ ವಯಸ್ಸು. ಅವನು ಅಳೋದು ಗೋಡೆಯಾಚೆ ಕೇಳಿಸ್ತಿತ್ತು.” ಅವಳು ಒಂದು ಗುಂಡನ್ನು ಎತ್ತಿ ಕೆಳಗಿಟ್ಟಳು. “ನಾನೂ ಗಂಡ ಸತ್ತವಳು ಕಣೇ. ಬೆರಳು ಎಲ್ಲಾದರೂ ತಿರುಗಲೇಬೇಕು. ಆ ಕಡೆಗಿದ್ರೆ ಈ ಕಡೆಗಿಲ್ಲ. ಇಷ್ಟು ದಿನ ಹಾಗೇ ಬದುಕಿದೀನಿ.”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಗುಂಡಕ್ಕ ಈ ಮಾತು ಕೇಳಿರಲಿಲ್ಲ. ಅತ್ತೆಯ ಮುಂದಿದ್ದ ಗುಂಡಿನ ಬುಟ್ಟಿಯನ್ನು ಎತ್ತಿ ಹೊರಗೆ ಇಟ್ಟು ಬಂದಳು.

ಶನಿವಾರ ಆಸ್ಪತ್ರೆಯಿಂದ ಬಂದವಳು ಪುಟ್ಟಿಯನ್ನು ಅತ್ತೆಯ ಹತ್ತಿರ ಬಿಟ್ಟು ಸೀದಾ ದಂಡೆಗೆ ಹೋದಳು. ಮೆಕ್ಯಾನಿಕನ ಹೆಂಡತಿ ಮಗಳನ್ನು ಕಳಿಸಿರಲಿಲ್ಲ. ‘ರಕ್ತ ತೆಗೆದರೆ ಮಾಟ ಇಳಿಯುತ್ತಾ?’ ಅಂದಿದ್ದಳು.

ದೊಡ್ಡಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು ತನ್ನದೇ ಹಳೆಯ ಬಲೆಯೊಂದನ್ನು ಹೆಣೆಯುತ್ತಿದ್ದಳು. ಬೇರೆಯವರ ಕೆಲಸವಿಲ್ಲದಿದ್ದರೂ ಕೈ ಸುಮ್ಮನಿರಬೇಕಲ್ಲ. ಹಣೆಯ ಮೇಲೆ ಬಟ್ಟೆಯ ಪಟ್ಟಿ. ತುಟಿ ಅಲುಗಾಡುತ್ತಿತ್ತು.

“ದೊಡ್ಡಮ್ಮಾ.”

ದೊಡ್ಡಮ್ಮ ತಲೆಯೆತ್ತಿ ನೆಟ್ಟಗೆ ನೋಡಿದಳು. ಮಾತಿಲ್ಲ. ಮೂರು ವಾರದ ಹಿಂದಾಗಿದ್ದರೆ ಗುಂಡಕ್ಕ ಅಲ್ಲಿಂದಲೇ ತಿರುಗುತ್ತಿದ್ದಳು. ಇವತ್ತು ಒಂದು ಹೆಜ್ಜೆ ಹತ್ತಿರ ಬಂದು ಮರಳ ಮೇಲೆ ಕೂತಳು. ಆಗ ಕೇಳಿಸಿತು, ಇಷ್ಟು ವರ್ಷ ಇಡೀ ಬೀದಿಯನ್ನು ಹೆದರಿಸಿದ ಆ ಮಂತ್ರ.

“...ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು, ಅರವತ್ತು.” ದೊಡ್ಡಮ್ಮ ಮರದ ಸೂಜಿಯನ್ನು ಬಲೆಗೆ ಸಿಕ್ಕಿಸಿದಳು. “ಏನೇ? ಸಾಲಿನ ನಡುವೆ ಬಾಯಿ ಬಿಟ್ರೆ ಲೆಕ್ಕ ಹೋಗುತ್ತೆ. ಒಂದು ಗಂಟು ತಪ್ಪಿದ್ರೆ ಇಡೀ ಸಾಲು ಬಿಚ್ಚಬೇಕು.”

ಗುಂಡಕ್ಕನಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೇಳಿದಳು: “ಅವತ್ತು ಪುಟ್ಟಿ ಬಂದಾಗ ಏನಾಯ್ತು?”

“ಸಿಕ್ಕು ದಾರ ಬಿಡಿಸೋಕೆ ಬರ್ತಾಳೆ ನಿನ್ನ ಮಗಳು. ಚುರುಕು ಕೈ. ಅವತ್ತು ಮುಖ ಬಾಡಿತ್ತು. ಜ್ವರವೇನೋ ಅಂತ ತಲೆ ಮುಟ್ಟಿ ನೋಡಿದೆ. ಅಮ್ಮನ ಹತ್ರ ಹೋಗು ಅಂತ ನಾನೇ ಕಳಿಸಿದೆ.”

“ಇದನ್ನ ನೀವು ಯಾರಿಗೂ ಹೇಳಲೇ ಇಲ್ವಲ್ಲ!”

“ಯಾರು ಕೇಳಿದ್ರು?” ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಕಲ್ಲು ಹೊಡೆಯೋಕೆ ಬಂದವರು ಪ್ರಶ್ನೆ ಕೇಳ್ತಾರಾ?”

“ನಾಳೆ ನೀವು ಎಲ್ಲಿಗಾದರೂ ಹೋಗಿಬಿಡಿ ದೊಡ್ಡಮ್ಮ. ಒಂದು ದಿನ.”

“ಎಲ್ಲಿಗೆ? ಹೋದ್ರೆ ‘ನೋಡಿ, ಓಡಿಹೋದಳು’ ಅಂತಾರೆ. ಇದ್ರೆ ‘ನೋಡಿ, ಎಷ್ಟು ಧೈರ್ಯ’ ಅಂತಾರೆ.” ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು. “ಮನೆಗೆ ಹೋಗು. ನಿನ್ನನ್ನ ಇಲ್ಲಿ ನೋಡಿದ್ರೆ ನಿನಗೂ ಸುತ್ತಿಕೊಳ್ಳುತ್ತೆ. ಒಂದು, ಎರಡು...”

ದೋಣಿಯಿಂದ ಬಂದ ಗಂಡನಿಗೆ ಗುಂಡಕ್ಕ ಎಲ್ಲ ಹೇಳಿದಳು. ಅವನು ಉಂಡು ಕೈ ತೊಳೆದು, “ಊರ ಉಸಾಬರಿ ನಮಗ್ಯಾಕೆ?” ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಕೇಳಿದ: “ಹೇಳ್ತೀಯಾ?” ಗುಂಡಕ್ಕ ಗೊತ್ತಿಲ್ಲ ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ.

ಭಾನುವಾರ ಹರಾಜು ಮುಗಿದು ಕಟ್ಟೆ ತೊಳೆದಾಗಿತ್ತು. ಕಲ್ಲು ಇನ್ನೂ ಒದ್ದೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನರ್ಸಮ್ಮ ಸೈಕಲ್ ಹಿಡಿದು ನಿಂತಿದ್ದಳು, ಅವಳ ಪಕ್ಕ ಮಂಜುಗಡ್ಡೆ ಪೆಟ್ಟಿಗೆಯ ಮೇಲೆ ಒಬ್ಬಳು ಮಹಿಳಾ ಪೊಲೀಸ್, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು. ಬಲೆ ದೊಡ್ಡಮ್ಮನನ್ನು ನಡುವೆ ನಿಲ್ಲಿಸಿದ್ದರು. ಕೂರಲು ಯಾರೂ ಹೇಳಿರಲಿಲ್ಲ.

ಮೆಕ್ಯಾನಿಕ ಮಾತು ಶುರು ಮಾಡಿದ. “ನನ್ನ ಮಗಳಿಗೆ ಮತ್ತೆ ಫಿಟ್ಸ್ ಬಂತು, ನಿನ್ನೆ ಮಧ್ಯಾಹ್ನ. ಅತ್ತಿಗೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗಲ್ಲ. ನಾನೊಬ್ಬ ಹೇಳಿದ್ರೆ ಜಾಗಕ್ಕೋಸ್ಕರ ಅಂತೀರಿ. ಗುಂಡಕ್ಕ ಹೇಳಲಿ. ಕಣ್ಣಾರೆ ಕಂಡವಳು. ಹೇಳಮ್ಮ, ಹೆದರಬೇಡ.”

ಎಲ್ಲರ ಮುಖ ಇವಳ ಕಡೆ ತಿರುಗಿತು. ಗುಂಡಕ್ಕ ಎದ್ದಳು. ದೊಡ್ಡಮ್ಮ ಅವಳನ್ನು ನೋಡಲಿಲ್ಲ, ಕಾಲ ಬಳಿಯ ನೀರನ್ನು ನೋಡುತ್ತಿದ್ದಳು. ತುಟಿ ಅಲುಗಾಡುತ್ತಿತ್ತು. ಈ ಸಲ ಏನನ್ನು ಎಣಿಸುತ್ತಿದ್ದಳೋ.

“ದೊಡ್ಡಮ್ಮ ನನ್ನ ಮಗಳ ತಲೆ ಸವರಿದ್ದು ನಿಜ,” ಎಂದಳು ಗುಂಡಕ್ಕ.

“ಕೇಳಿಸ್ಕೊಂಡ್ರಲ್ಲಾ!” ಎಂದಳು ಮೆಕ್ಯಾನಿಕನ ಹೆಂಡತಿ.

“ನಿಲ್ಲು ಅಕ್ಕಾ, ಇನ್ನೂ ಅರ್ಧ ಇದೆ. ಅವತ್ತು ನಲ್ಲಿ ಹತ್ರ ನಾನು ಅರ್ಧ ಹೇಳಿದೆ. ಇನ್ನರ್ಧ ಏನಂದ್ರೆ, ಪುಟ್ಟಿಗೆ ಬೆಳಗ್ಗೆಯಿಂದಲೇ ಹೊಟ್ಟೆ ನೋವಿತ್ತು. ಹಿಂದಿನ ದಿನವೂ ಇತ್ತು. ದೊಡ್ಡಮ್ಮ ಸವರಿದ್ದು ಜ್ವರ ಇದೆಯಾ ಅಂತ ನೋಡೋಕೆ. ಆಮೇಲೆ ಮನೆಗೆ ಕಳಿಸಿದ್ದೂ ಅವರೇ. ನಿಮ್ಮಷ್ಟಕ್ಕೆ ನೀವು ಮುಂದಿನದನ್ನ ಸೇರಿಸಿದ್ರಿ. ನಾನು ಸುಮ್ಮನಿದ್ದೆ. ಸುಮ್ಮನಿದ್ದಿದ್ದು ನನ್ನ ತಪ್ಪು.”

ಗುಜುಗುಜು ಎದ್ದಿತು. “ಹಾಗಾದ್ರೆ ಮಕ್ಕಳಿಗೆ ಬಂದಿದ್ದು ಎಲ್ಲಿಂದ?” ಎಂದು ದೋಣಿ ಬಡಗಿ ಕೂಗಿದ.

“ನನಗೆ ಗೊತ್ತಿಲ್ಲಣ್ಣ. ನಾನು ಕರಗಿಸೋ ಸೀಸದಿಂದ ಇರಬಹುದು ಅಂತ ನರ್ಸಮ್ಮ ಹೇಳಿದಾರೆ. ರಕ್ತ ಕೊಟ್ಟು ಬಂದಿದೀವಿ.”

“ಓಹೋ!” ಮೆಕ್ಯಾನಿಕನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ಅಂದ್ರೆ ನಮ್ಮ ಮಕ್ಕಳಿಗೆ ವಿಷ ಹಾಕಿದವಳು ನೀನು! ತಾಯಿ ಅಂತೆ ತಾಯಿ!”

ಆಗ ಹಿಂದಿನಿಂದ ಒಂದು ದನಿ ಬಂತು. ಗುಂಡಕ್ಕನ ಅತ್ತೆಯದು. ಹರಾಜು ಕಟ್ಟೆಯ ಹತ್ತಿರ ಅತ್ತೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

“ನೋಡಿದ್ರಾ, ಎಷ್ಟು ಬೇಗ ತಿರುಗ್ತು ಬೆರಳು? ಒಬ್ಬ ಹೆಂಗಸಿಂದ ಇನ್ನೊಬ್ಬ ಹೆಂಗಸಿಗೆ. ನಾಳೆ ನನಗೆ. ನಾಡಿದ್ದು ನಿನಗೇ ತಿರುಗುತ್ತೆ ಕಣೇ, ಸೆರಗು ಸಿಕ್ಕಿಸ್ಕೊಂಡೋಳೇ. ಬ್ಯಾಟರಿ ಒಡೆದು ಕೊಟ್ಟೋನು ನಿನ್ನ ಗಂಡ. ಗುಂಡು ಕೊಂಡೋರು ಇಲ್ಲಿ ಕೂತಿರೋ ಅಷ್ಟೂ ಗಂಡಸರು. ಇವಳ ಗುಂಡು ಕಟ್ಟದ ಬಲೆ ಈ ಬೀದೀಲಿ ಯಾವುದಿದೆ, ತೋರಿಸಿ! ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಡಾಕ್ಟರು ಬೇಕು, ಕತ್ತರಿ ಅಲ್ಲ. ನನ್ನನ್ನ ನಾಲ್ಕು ದಿನ ಕೂಡಿಹಾಕಿದ್ರಲ್ಲ, ಅದರಿಂದ ಸಮುದ್ರಕ್ಕೆ ಹೋದೋನು ವಾಪಸ್ಸು ಬಂದನಾ?”

ಕಟ್ಟೆಯ ಮೇಲಿದ್ದ ಇಬ್ಬರು ಮುದುಕರು ತಲೆ ತಗ್ಗಿಸಿದರು. ಅವರಿಗೆ ನೆನಪಿತ್ತು.

ಗುಂಡಕ್ಕನ ಗಂಡ ಎದ್ದ. ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡಸರ ಸಾಲು ದಾಟಿ ಬಂದು ಹೆಂಡತಿಯ ಪಕ್ಕ ನಿಂತ. ಮೇಲಿನಿಂದ ಪುಟ್ಟಿ, “ಬಲೆ ದೊಡ್ಡಮ್ಮಾ, ದಾರ ಬಿಡಿಸೋದಿಲ್ವಾ ಇವತ್ತು?” ಎಂದು ಕೂಗಿದಳು. ಯಾರೋ ಒಬ್ಬರು ನಕ್ಕರು. ಪೊಲೀಸಮ್ಮ ಟೋಪಿ ಹಾಕಿಕೊಂಡು ಎದ್ದು ಹೇಳಿದಳು: “ಇವರಿಗೆ ಕಲ್ಲು ಹೊಡೆದವರ ಮೇಲೆ ದೂರು ಬರೆದುಕೊಳ್ತೀನಿ. ಇನ್ನು ಮುಂದೆ ಕೈ ಮಾಡಿದವರನ್ನ ಮಾತ್ರ ಅಲ್ಲ, ಕೈ ಮಾಡಿ ಅಂತ ಹೇಳಿದವರನ್ನೂ ಕರೀತೀನಿ.”

ಮೆಕ್ಯಾನಿಕ ಕೊನೆಗೆ ನರ್ಸಮ್ಮನ ಕಡೆ ತಿರುಗಿ ಕೇಳಿದ: “ಆಸ್ಪತ್ರೇಲಿ ಸೋಮವಾರ ರಕ್ತ ತೆಗೀತಾರಾ?”

ಹತ್ತು ದಿನಕ್ಕೆ ಬರಬೇಕಿದ್ದ ಚೀಟಿ ಹದಿಮೂರು ದಿನಕ್ಕೆ ಬಂತು. ಇಬ್ಬರು ಹುಡುಗಿಯರ ರಕ್ತದಲ್ಲೂ ಸೀಸ ಇತ್ತು. ಬಡಗಿಯ ಮಗನಿಗಿದ್ದದ್ದು ಬರೀ ಹೊಟ್ಟೆಹುಳು, ಎರಡು ಮಾತ್ರೆಗೆ ಸರಿಹೋಯಿತು. ಹುಡುಗಿಯರಿಗೆ ಔಷಧಿ ನಡೆಯುತ್ತಿದೆ. ಮೆಕ್ಯಾನಿಕನ ಮಗಳಿಗೆ ಇನ್ನೂ ಹಲವು ತಿಂಗಳು ಬೇಕು ಎಂದಿದ್ದಾರೆ. ಗುಂಡಕ್ಕ ಡಾಕ್ಟರ ಹತ್ತಿರ ಹೋದ ವರ್ಷದ ಬಸಿರಿನ ಮಾತು ಕೇಳಿದಳು. ಸೀಸದಿಂದ ಆಗಿರಬಹುದು, ಖಚಿತವಾಗಿ ಹೇಳಲಾಗದು ಎಂದರು ಅವರು. ಆ ‘ಹೇಳಲಾಗದು’ ಅನ್ನುವುದನ್ನು ಹೊತ್ತುಕೊಂಡೇ ಅವಳು ಬದುಕುತ್ತಿದ್ದಾಳೆ. ಭಾರವಿದೆ. ಆದರೆ ಅದನ್ನು ಬೇರೊಬ್ಬಳ ತಲೆಗೆ ಹೊರಿಸಿಲ್ಲ.

ಈಗ ಅಡುಗೆಮನೆಯಲ್ಲಿ ಸೀಸ ಕರಗಿಸುವುದಿಲ್ಲ. ನೆಲ ಗೋಡೆ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಾಣಲೆ, ಸೌಟು ಹೊರಗೆ ಹಾಕಿದ್ದಾಯಿತು. ಕುಂಬಾರರ ಹತ್ತಿರ ಸುಟ್ಟ ಮಣ್ಣಿನ ಗುಂಡು ಮಾಡಿಸಿ ಬಲೆಗೆ ಕಟ್ಟಿಕೊಡುತ್ತಾಳೆ. ಸ್ವಲ್ಪ ದಪ್ಪ, ಆಗಾಗ ಒಡೆಯುತ್ತವೆ, ಗಂಡಸರು ಗೊಣಗುತ್ತಾರೆ. ಗೊಣಗಲಿ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ. ನಿಮ್ಮ ಬೀದಿಯಲ್ಲೂ ಒಂದು ನಲ್ಲಿ ಇರುತ್ತದೆ. ಅಲ್ಲಿ ನಾಳೆ ಯಾರಾದರೂ ‘ಅವಳ ಕಣ್ಣು ಸರಿಯಿಲ್ಲ, ಅವಳು ಮುಟ್ಟಿದ ಮೇಲೇ ಹೀಗಾಯಿತು’ ಅಂದರೆ, ಆ ಮಾತನ್ನು ಮುಂದಿನ ಮನೆಗೆ ದಾಟಿಸಬೇಡಿ. ‘ಅದಕ್ಕೂ ಮೊದಲು ಏನಾಗಿತ್ತು?’ ಎಂದು ಕೇಳಿ. ಅದೊಂದು ಪ್ರಶ್ನೆ ಕೇಳಿದರೆ ಅರ್ಧ ಮಾಟ ಅಲ್ಲೇ ಬಿದ್ದುಹೋಗುತ್ತದೆ. ಮಗುವಿಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೂ ಕಾರಣ ತಿಳಿಯದಿದ್ದರೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ, ಗೊತ್ತಿಲ್ಲದ್ದಕ್ಕೆ ಒಬ್ಬ ಹೆಂಗಸಿನ ಹೆಸರು ಇಡಬೇಡಿ. ಒಂಟಿ ಹೆಂಗಸಿನ ಕೊಡ ಉರುಳಿದ ದಿನವೇ ಬಾಯಿ ಬಿಡಿ, ಕಲ್ಲು ಬೀಳುವವರೆಗೆ ಕಾಯಬೇಡಿ. ನರ್ಸಮ್ಮನಿಗೆ ಹೇಳಿ, ಠಾಣೆಗೆ ಹೇಳಿ, ನಿಮ್ಮ ಸಂಘದಲ್ಲಿ ಹೇಳಿ. ಹಿಂದೆ ನೀವೇ ಅಂಥ ಮಾತು ಆಡಿದ್ದರೆ ನಾಚಿಕೆಪಟ್ಟು ಕೂರಬೇಡಿ. ಉಳಿದ ಅರ್ಧವನ್ನು ಈಗಲಾದರೂ ಹೇಳಿಬಿಡಿ.

ಬಲೆ ದೊಡ್ಡಮ್ಮ ನಲ್ಲಿಗೆ ಮತ್ತೆ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಅಷ್ಟರಲ್ಲಿ ಬಲೆಗಳು ಒಂದೊಂದಾಗಿ ಅವಳ ಶೆಡ್ಡಿಗೆ ವಾಪಸ್ಸು ಬರುತ್ತಿದ್ದವು. ಹಣೆಯ ಗಾಯ ಮಾಸಿ ಬಿಳಿ ಗೆರೆಯಾಗಿತ್ತು. ಸಾಲಿನ ಕೊನೆಯಲ್ಲಿ, ಎಲ್ಲರಿಂದ ಎರಡು ಮಾರು ದೂರ ನಿಂತಳು.

“ಬಾರೇ, ಅಲ್ಯಾಕೆ ನಿಂತೆ?” ಎಂದಳು ಗುಂಡಕ್ಕನ ಅತ್ತೆ.

ಉತ್ತರವಿಲ್ಲ. ದೊಡ್ಡಮ್ಮ ನೆಟ್ಟಗೆ ನೋಡಿದಳು, ತುಟಿ ಅಲುಗಾಡುತ್ತಿತ್ತು. ಸಾಲಿಗೆ ಸಾಲೇ ಉಸಿರು ಬಿಗಿಹಿಡಿಯಿತು.

“...ಎಂಟು, ಒಂಬತ್ತು, ಹತ್ತು, ಹನ್ನೊಂದು.” ಆಮೇಲೆ ಬಾಯಿ ಬಿಟ್ಟಳು. “ಹನ್ನೊಂದು ಕೊಡ ಇದೆ ನನ್ನ ಮುಂದೆ. ಇವತ್ತು ನನ್ನ ಸರದಿ ಬಂದ ಹಾಗೇ!”

ಗುಂಡಕ್ಕ ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕಳು. ನಲ್ಲಿಯ ಮುಂದೆ ನಿಂತಿದ್ದ ಮೆಕ್ಯಾನಿಕನ ಹೆಂಡತಿ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅರ್ಧ ತುಂಬಿದ್ದ ತನ್ನ ಕೊಡವನ್ನು ಬಗ್ಗಿ ಎತ್ತಿ, ಒಂದು ಗೇಣು ಪಕ್ಕಕ್ಕೆ ಇಟ್ಟಳು. ನಲ್ಲಿಯ ಕೆಳಗೆ ಒಂದು ಕೊಡಕ್ಕಾಗುವಷ್ಟು ಜಾಗವಾಯಿತು.